ಮೂವತ್ತು ಸಾವಿರದ ಈಜುಡುಗೆ ಮತ್ತು ನಮ್ಮ ಕೊಳದ ಮಕ್ಕಳು

ಕಲಬುರಗಿಯಲ್ಲಿ ಮಕ್ಕಳಿಗೆ ಸ್ಪರ್ಧಾತ್ಮಕ ಈಜು ಕಲಿಸುವ ನನಗೆ ಪೋಷಕರು ಕೇಳುವ ಪ್ರಶ್ನೆಗಳಲ್ಲಿ ಅತ್ಯಂತ ಕಠಿಣವಾದುದು ಉಡುಪಿನದು. ರಾಜ್ಯಮಟ್ಟದ ಕೂಟಕ್ಕೆಂದು ಮಗುವನ್ನು ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಕರೆದೊಯ್ದು ಬಂದ ತಂದೆತಾಯಿಗಳು, ಅಲ್ಲಿನ ಮಕ್ಕಳು ಮೈಗೆ ಬಿಗಿದು ಕೂತ, ಹೊಲಿಗೆಯೇ ಕಾಣದ ಟೆಕ್ ಸೂಟು ತೊಟ್ಟು ಬ್ಲಾಕ್ (ನೀರಿಗೆ ಹಾರುವ ಕಟ್ಟೆ) ಏರುವುದನ್ನು ಕಣ್ಣಾರೆ ಕಂಡಿರುತ್ತಾರೆ. ತಮ್ಮ ಮಗಳು ಹೀಟ್ಸ್ ಎಂಬ ಮೊದಲ ಸುತ್ತಿನಲ್ಲಿ ಸೆಕೆಂಡಿನ ಒಂದಿಷ್ಟು ಪಾಲಿನಿಂದ ಹಿಂದೆ ಉಳಿದಾಗ ಕಾರಣವನ್ನು ಆ ಉಡುಪಿನಲ್ಲಿ ಹುಡುಕುವುದು ಸಹಜ. "ಖರೇ ಹೇಳ್ರಿ ಮೇಡಂ, ಆ ಡ್ರೆಸ್ ಹಾಕ್ಕೊಂಡ್ರ ನಮ್ಮ ಹುಡುಗಿ ಮುಂದ ಬರ್ತಾಳೇನ್ರಿ? ಬರ್ತಾಳಂದ್ರ ಸಾಲಾ ಮಾಡಿಯಾದ್ರೂ ಕೊಡಸ್ತೀನ್ರಿ" ಎಂದು ಆಳಂದ ಕಡೆಯ ರೈತರೊಬ್ಬರು ಕೇಳಿದ ಮೇಲೆ, ಈ ವಿಷಯದಲ್ಲಿ ಊಹೆಯ ಮೇಲೆ ಉತ್ತರ ಕೊಡಬಾರದೆಂದು ನಾನು ನಿರ್ಧರಿಸಿದೆ. ಅಲ್ಲಿಂದ ಮುಂದೆ ನಮ್ಮ ತರಬೇತಿ ಕೇಂದ್ರದಲ್ಲಿ ಏನು ಮಾಡಿದೆವು, ಏನು ಕಂಡುಕೊಂಡೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬೆಲೆಯ ಮಾತು. ಹೆಸರಾಂತ ಕಂಪನಿಗಳ ಮೇಲ್ದರ್ಜೆಯ ಸೂಟು, ಅದರಲ್ಲೂ ಭುಜದಿಂದ ಮೊಣಕಾಲಿನವರೆಗೆ ಇರುವ ಹುಡುಗಿಯರ ಸೂಟು, ಸುಲಭವಾಗಿ ಮೂವತ್ತು ಸಾವಿರ ರೂಪಾಯಿ ದಾಟುತ್ತದೆ. ನಮ್ಮ ಜಿಲ್ಲೆಯಲ್ಲಿ ಯಾವ ಖರ್ಚನ್ನೂ ತೊಗರಿಯ ಲೆಕ್ಕದಲ್ಲಿ ನೋಡುವುದು ರೂಢಿ. 2025-26ರ ಸಾಲಿಗೆ ಕೇಂದ್ರ ಸರ್ಕಾರ ತೊಗರಿಗೆ ನಿಗದಿಪಡಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿ ಎಂದ ಮೇಲೆ, ಒಂದು ಸೂಟೆಂದರೆ ನಾಲ್ಕು ಕ್ವಿಂಟಾಲು ತೊಗರಿ. ಅಷ್ಟು ಕೊಟ್ಟು ತಂದದ್ದು ಹತ್ತು ವರ್ಷ ಬಾಳುವ ವಸ್ತುವಾಗಿದ್ದರೆ ಮಾತು ಬೇರೆಯಿತ್ತು. ನೀರನ್ನು ತಳ್ಳುವ ಅದರ ಲೇಪನವಾಗಲಿ, ಮಾಂಸಖಂಡಗಳನ್ನು ಹಿಡಿದಿಡುವ ಅದರ ಬಿಗಿಯಾಗಲಿ ಕೆಲವೇ ಕೂಟಗಳ ಮಟ್ಟಿಗೆ ಪೂರ್ಣವಾಗಿ ಇರುತ್ತದೆ. ಕ್ಲೋರಿನ್ ನೀರು ಅದರ ಎಳೆಗಳನ್ನು ಪ್ರತಿ ಸಲವೂ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತದೆ. ಇದರ ಮೇಲೆ ಬೆಳೆಯುವ ಮಗುವಿಗೆ ಈ ವರ್ಷದ ಅಳತೆ ಮುಂದಿನ ವರ್ಷಕ್ಕೆ ಆಗುವುದಿಲ್ಲ.

ಬೇಸಿಗೆ ಶಿಬಿರ ಮುಗಿದು ಸ್ಪರ್ಧೆಯ ತರಬೇತಿಗೆ ಉಳಿದುಕೊಳ್ಳುವ ಮಕ್ಕಳ ಮನೆಯವರನ್ನು ಕೂಡಿಸಿದಾಗ, ನಾನು ಈ ಉಡುಪಿನ ಚರಿತ್ರೆಯನ್ನೇ ಮೊದಲು ಹೇಳುತ್ತೇನೆ. ಅದನ್ನು ತಿಳಿಯದೆ ಇಂದಿನ ಸೂಟು ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದು ಅರ್ಥವಾಗುವುದಿಲ್ಲ. 2008ರ ಫೆಬ್ರುವರಿಯಲ್ಲಿ ಸ್ಪೀಡೊ ಕಂಪನಿ ಎಲ್‌ಝಡ್‌ಆರ್ ರೇಸರ್ ಎಂಬ ಸೂಟನ್ನು ಹೊರತಂದಿತು. ಅದರ ಬಟ್ಟೆಯನ್ನು ಅಮೆರಿಕದ ನಾಸಾದ ಗಾಳಿ ಸುರಂಗದಲ್ಲಿ ಪರೀಕ್ಷಿಸಲಾಗಿತ್ತು. ಹೊಲಿಗೆಯ ಬದಲು ಶ್ರವಣಾತೀತ ಧ್ವನಿತರಂಗಗಳಿಂದ ಬೆಸೆದ ಜೋಡಣೆ, ಅಲ್ಲಲ್ಲಿ ಪಾಲಿಯುರೆಥೇನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿನ ಫಲಕಗಳು. ಅದೇ ವರ್ಷದ ಬೀಜಿಂಗ್ ಒಲಿಂಪಿಕ್ಸ್‌ನ ಈಜಿನಲ್ಲಿ ನಿರ್ಮಾಣವಾದ 25 ವಿಶ್ವದಾಖಲೆಗಳಲ್ಲಿ 23 ಆ ಸೂಟು ತೊಟ್ಟವರ ಪಾಲಾದವು. ಮರುವರ್ಷ ಅರೀನಾ, ಜೇಕ್ಡ್ ಮುಂತಾದ ಕಂಪನಿಗಳು ಪೂರ್ತಿ ಪಾಲಿಯುರೆಥೇನಿನ ಸೂಟುಗಳನ್ನೇ ತಂದವು. ಅವು ನೀರಿನ ಘರ್ಷಣೆಯನ್ನು ಕಡಿಮೆ ಮಾಡಿದ್ದಷ್ಟೇ ಅಲ್ಲ, ಈಜುಗಾರನ ಸೊಂಟವನ್ನು ನೀರಿನ ಮೇಲ್ಮಟ್ಟಕ್ಕೆ ಎತ್ತಿ ಹಿಡಿಯುತ್ತಿದ್ದವು. 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್ ಒಂದರಲ್ಲೇ 43 ವಿಶ್ವದಾಖಲೆಗಳು ಬಿದ್ದವು. ಜರ್ಮನಿಯ ಪಾಲ್ ಬೀಡರ್ಮನ್ ಅರೀನಾದ ಎಕ್ಸ್-ಗ್ಲೈಡ್ ತೊಟ್ಟು 200 ಮೀಟರ್ ಫ್ರೀಸ್ಟೈಲನ್ನು 1 ನಿಮಿಷ 42.00 ಸೆಕೆಂಡಿನಲ್ಲಿ ಮುಗಿಸಿ ಮೈಕೆಲ್ ಫೆಲ್ಪ್ಸ್‌ರನ್ನು ಸೋಲಿಸಿದರು. ಉಡುಪು ನೆರವಾಯಿತೆಂಬುದನ್ನು ಬೀಡರ್ಮನ್ ಅವರೇ ಮುಚ್ಚಿಡಲಿಲ್ಲ. ಫೆಲ್ಪ್ಸ್ ಅವರ ತರಬೇತುದಾರ ಬಾಬ್ ಬೋಮನ್, ಈ ಸೂಟುಗಳು ಹೋಗುವವರೆಗೆ ತಮ್ಮ ಶಿಷ್ಯನನ್ನು ಅಂತರರಾಷ್ಟ್ರೀಯ ಕೂಟಗಳಿಂದ ಹಿಂದಕ್ಕೆ ಕರೆಯುವ ಮಾತನ್ನೂ ಆಡಿದರು. ಅದೇ ಕೂಟದ 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಬೀಡರ್ಮನ್ ಬರೆದ 3 ನಿಮಿಷ 40.07 ಸೆಕೆಂಡಿನ ದಾಖಲೆಯನ್ನು ಅಳಿಸಲು 2025ರ ಏಪ್ರಿಲ್‌ವರೆಗೆ, ಅವರದೇ ದೇಶದ ಲುಕಾಸ್ ಮಾರ್ಟೆನ್ಸ್ ಬರುವವರೆಗೆ, ಜಗತ್ತು ಕಾಯಬೇಕಾಯಿತು.

ಆಗ ಫೀನಾ ಎಂಬ ಹೆಸರಿದ್ದ, ಇಂದು ವರ್ಲ್ಡ್ ಅಕ್ವಾಟಿಕ್ಸ್ ಎನಿಸಿಕೊಂಡಿರುವ ಸಂಸ್ಥೆ 2010ರ ಜನವರಿ 1ರಿಂದ ನಿಯಮವನ್ನು ಬಿಗಿಗೊಳಿಸಿತು. ಪುರುಷರ ಸೂಟು ಸೊಂಟದಿಂದ ಮೊಣಕಾಲಿನವರೆಗೆ, ಮಹಿಳೆಯರದು ಭುಜದಿಂದ ಮೊಣಕಾಲಿನವರೆಗೆ ಮಾತ್ರ, ಗಾಳಿ ಆಡುವ ನೇಯ್ಗೆಯ ಬಟ್ಟೆಯೇ ಆಗಬೇಕು, ದಪ್ಪ 0.8 ಮಿಲಿಮೀಟರ್ ಮೀರಬಾರದು; ಜಿಪ್ ಇರಬಾರದು; ಒಂದರ ಮೇಲೊಂದು ಎರಡು ಸೂಟು ತೊಡುವಂತಿಲ್ಲ. ಇಂದು ಅಂಗಡಿಯಲ್ಲಿ ಸಿಗುವ ಟೆಕ್ ಸೂಟು ಈ ಗೆರೆಯೊಳಗಿನದು. ಅದು 2009ರ ಸೂಟಿನಂತೆ ಮನುಷ್ಯನನ್ನು ತೇಲಿಸುವುದಿಲ್ಲ. ಬಿಗಿಹಿಡಿತದಿಂದ ಮೈಯ ಅಲುಗಾಟ ತಗ್ಗಿಸಿ, ನೀರನ್ನು ಹೀರದೆ, ಜಾರಿಕೆಯನ್ನು ಒಂದಿಷ್ಟು ಸುಗಮಗೊಳಿಸುತ್ತದೆ, ಅಷ್ಟೆ. ಆ ನಿಯಮ ಬಟ್ಟೆಯ ಗುಣಕ್ಕೆ ಮಿತಿ ಹಾಕಿತೇ ಹೊರತು ಬೆಲೆಗೆ ಹಾಕಲಿಲ್ಲ ಎಂಬುದು ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯ ಮುಖ್ಯ ಸಂಗತಿ. ನಮ್ಮ ಮಕ್ಕಳು ಎದುರಿಸುತ್ತಿರುವುದು ಆ ಉಳಿದ ಅರ್ಧವನ್ನು.

ಪೋಷಕರಿಗೆ ಉತ್ತರಿಸಬೇಕಾದರೆ ನಮ್ಮದೇ ಮಕ್ಕಳ ಮೇಲೆ, ನಮ್ಮದೇ ನೀರಿನಲ್ಲಿ ನೋಡಬೇಕಿತ್ತು. ಬೆಂಗಳೂರಿನಲ್ಲಿರುವ ನನ್ನ ಪರಿಚಯದ ತರಬೇತುದಾರರಿಂದ ಬೇರೆ ಬೇರೆ ಅಳತೆಯ ಸೂಟುಗಳನ್ನು ಎರವಲು ತಂದು, ನಸುಕಿನಲ್ಲಿ ಕೊಳ ಖಾಲಿಯಿರುವ ಹೊತ್ತನ್ನು ಆರಿಸಿಕೊಂಡೆ. ಒಂದೇ ಮಗು ಒಂದು ದಿನ ಮಾಮೂಲಿ ಜ್ಯಾಮರ್‌ನಲ್ಲಿ (ಮೊಣಕಾಲುದ್ದದ ಸಾದಾ ಈಜುಚಡ್ಡಿ) ಮೊದಲು, ಟೆಕ್ ಸೂಟಿನಲ್ಲಿ ಆಮೇಲೆ ಈಜಿತು; ಮತ್ತೊಂದು ದಿನ ಈ ಕ್ರಮವನ್ನು ತಿರುವು ಮುರುವು ಮಾಡಿದೆ. ದಣಿವು ಯಾವುದೋ ಒಂದು ಉಡುಪಿನ ತಲೆಗೇ ಕಟ್ಟಿದಂತಾಗಬಾರದೆಂದು ನಡುವೆ ಸಾಕಷ್ಟು ವಿಶ್ರಾಂತಿ ಕೊಟ್ಟೆ. ಸಮಯದ ಜೊತೆಗೆ ಸ್ಟ್ರೋಕ್‌ಗಳನ್ನೂ, ಅಂದರೆ ಕೈ ಬೀಸುಗಳನ್ನೂ, ಎಣಿಸಿದೆ. ಇನ್ನೊಂದು ಪರೀಕ್ಷೆ ಇದಕ್ಕಿಂತ ಸರಳ, ಇದಕ್ಕಿಂತ ನಂಬಿಕೆಯದು: ಗೋಡೆಗೆ ಪಾದ ಊರಿ, ಕೈಗಳನ್ನು ತಲೆಯ ಮುಂದೆ ಜೋಡಿಸಿ, ಒಂದೇ ಒಂದು ನೂಕಿನಿಂದ, ಕಾಲು ಬಡಿಯದೆ ಮಗು ಎಷ್ಟು ದೂರ ಜಾರಿ ನಿಲ್ಲುತ್ತದೆ ಎಂಬುದನ್ನು ದಂಡೆಯ ಮೇಲೆ ಹಾಸಿದ ಅಳತೆಯ ಟೇಪಿನಲ್ಲಿ ಗುರುತು ಹಾಕುವುದು. ನೂಕುವ ಬಲ ಪ್ರತಿ ಸಲವೂ ಒಂದೇ ಇರುವುದಿಲ್ಲವಾದ್ದರಿಂದ ಹಲವು ಸಲ ಮಾಡಿಸಿ ನಡುವಿನ ಅಳತೆಯನ್ನು ತೆಗೆದುಕೊಳ್ಳುತ್ತಿದ್ದೆ.

ದೊಡ್ಡ ಹುಡುಗರಲ್ಲಿ, ಅದರಲ್ಲೂ ಕಾಲಿನ ಬಲ ಚೆನ್ನಾಗಿದ್ದು ನೀರಿನಲ್ಲಿ ಮೈಯನ್ನು ನೇರವಾಗಿ ಹಿಡಿಯಬಲ್ಲವರಲ್ಲಿ, ಸೂಟಿನ ಅನುಕೂಲ ಸಣ್ಣದಾದರೂ ಸ್ಪಷ್ಟವಾಗಿ ಕಂಡಿತು. ಜಾರಿಕೆ ಹೆಚ್ಚಿತು, ಕಡೆಯ ಹತ್ತು ಹದಿನೈದು ಮೀಟರ್‌ಗಳಲ್ಲಿ ಕಾಲು ಸೋಲುವುದು ತಡವಾಯಿತು. ಹನ್ನೆರಡರ ಒಳಗಿನ ಮಕ್ಕಳಲ್ಲಿ ನನಗೆ ಸಿಕ್ಕ ವ್ಯತ್ಯಾಸ, ಒಂದೇ ಉಡುಪಿನಲ್ಲಿ ಅವರು ಇವತ್ತಿಗೂ ನಾಳೆಗೂ ತೋರುವ ವ್ಯತ್ಯಾಸಕ್ಕಿಂತ ಹೆಚ್ಚಿರಲಿಲ್ಲ. ಅವರ ಸೊಂಟ ಮುಳುಗುವುದು ಉಸಿರಿಗಾಗಿ ತಲೆಯನ್ನು ಮೇಲಕ್ಕೆ ಎತ್ತುವುದರಿಂದ; ಅದನ್ನು ಯಾವ ಬಟ್ಟೆಯೂ ತಿದ್ದುವುದಿಲ್ಲ. ನೀರಿನ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ವೇಗ ಇಮ್ಮಡಿಯಾದರೆ ಪ್ರತಿರೋಧ ನಾಲ್ಮಡಿಯಾಗುತ್ತದೆ. ಆದ್ದರಿಂದ ಮೈಯ ಭಂಗಿಯಲ್ಲಿನ ದೋಷ ವೇಗವಾದಷ್ಟೂ ದುಬಾರಿಯಾಗುತ್ತ ಹೋಗುತ್ತದೆ. ಟರ್ನ್ ಆದ ಮೇಲೆ, ಅಂದರೆ ಗೋಡೆ ಮುಟ್ಟಿ ತಿರುಗಿದ ಮೇಲೆ, ನೀರೊಳಗೆ 15 ಮೀಟರ್‌ವರೆಗೆ ಸಾಗಲು ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್ ಮತ್ತು ಬಟರ್‌ಫ್ಲೈಗಳಲ್ಲಿ ನಿಯಮವೇ ಅವಕಾಶ ಕೊಟ್ಟಿದೆ. ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಗೋಡೆ ಬಿಟ್ಟ ಕೂಡಲೇ ಮೇಲೆ ಬಂದುಬಿಡುತ್ತಾರೆ. ಬಾವಿಯಲ್ಲಿ ಈಜು ಕಲಿತು ಬಂದ ಹಳ್ಳಿಯ ಮಕ್ಕಳಿಗೆ ಧೈರ್ಯ, ದಮ್ಮು ಎರಡೂ ಇರುತ್ತವೆ, ಆದರೆ ಒದ್ದು ಹೊರಡಲು ಅವರಿಗೆ ನೇರವಾದ ಗೋಡೆ ಸಿಕ್ಕಿರುವುದಿಲ್ಲ. ಅಂಥ ಹುಡುಗನೊಬ್ಬನಿಗೆ ಒಂದು ಮಳೆಗಾಲವಿಡೀ ಟರ್ನ್ ಮತ್ತು ನೀರೊಳಗಿನ ಕಿಕ್ ಮಾತ್ರ ಮಾಡಿಸಿದಾಗ ಅವನು ಗಳಿಸಿದ ಸಮಯ, ಸೂಟು ಕೊಟ್ಟ ಸಮಯಕ್ಕಿಂತ ಎಷ್ಟೋ ದೊಡ್ಡದಾಗಿತ್ತು. ಆಳಂದದ ಆ ತಂದೆಗೆ ನಾನು ಕೊಟ್ಟ ಉತ್ತರ ಇದನ್ನೇ ಆಧರಿಸಿತ್ತು: ಈಗ ಬೇಡ, ಆ ಹಣದಲ್ಲಿ ಮಗಳ ಹಾಲು ಮೊಟ್ಟೆಗೂ ಇನ್ನೆರಡು ಕೂಟಗಳ ಪ್ರಯಾಣಕ್ಕೂ ಆಗುತ್ತದೆ, ಸೂಟು ಬೇಕಾಗುವ ದಿನ ಬಂದಾಗ ನಾನೇ ಹೇಳುತ್ತೇನೆ.

ಜಿಲ್ಲಾಮಟ್ಟದ ಕೂಟಗಳ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಈಜುಗಾರ ಮುಟ್ಟಿದ ಕೂಡಲೇ ಸಮಯ ದಾಖಲಿಸುವ ವಿದ್ಯುನ್ಮಾನ ಟಚ್‌ಪ್ಯಾಡ್ ಇಲ್ಲದ ಕಡೆ ಸಮಯವನ್ನು ಕೈಯಲ್ಲಿ ಹಿಡಿದ ಸ್ಟಾಪ್‌ವಾಚ್ ನಿರ್ಧರಿಸುತ್ತದೆ. ಒಂದು ಲೇನ್‌ಗೆ ಮೂವರು ಸಮಯಪಾಲಕರಿದ್ದರೆ, ಇಬ್ಬರ ಸಮಯ ಹೊಂದಿದಾಗ ಅದೇ ಅಧಿಕೃತ. ಮೂರೂ ಬೇರೆ ಬೇರೆಯಾದರೆ ನಡುವಿನದು ಅಧಿಕೃತ. ಮೂವರ ಹೆಬ್ಬೆರಳುಗಳ ನಡುವಿನ ಅಂತರವೇ ಎಷ್ಟೋ ಸಲ ಸೂಟಿನಿಂದ ಸಿಗುವ ಲಾಭವನ್ನು ನುಂಗಿಹಾಕುತ್ತದೆ. ಅಂಥ ಕೂಟಕ್ಕೆ ಹೊಸ ಟೆಕ್ ಸೂಟು ತೊಡಿಸಿ ಅದರ ಆಯುಷ್ಯವನ್ನು ಕಳೆಯುವುದು ಶುದ್ಧ ನಷ್ಟ.

ಹಾಗಾದರೆ ಸೂಟು ಎಲ್ಲಿ ನಿಜವಾಗಿ ಅನ್ಯಾಯ ಮಾಡುತ್ತದೆ? ಅರ್ಹತಾ ಸಮಯ ನಿಗದಿಯಾಗಿರುವ ಕಡೆ, ರಾಜ್ಯ ತಂಡದ ಆಯ್ಕೆ ನಡೆಯುವ ಕಡೆ. ಅಲ್ಲಿ ಸೆಕೆಂಡಿನ ನೂರನೆಯ ಭಾಗದ ಲೆಕ್ಕದಲ್ಲಿ ಒಬ್ಬಳು ಒಳಗೆ, ಒಬ್ಬಳು ಹೊರಗೆ ಆಗುತ್ತಾರೆ. ಇಬ್ಬರ ಶ್ರಮವೂ ಹೆಚ್ಚುಕಡಿಮೆ ಸಮನಾಗಿದ್ದಾಗ ಆ ನೂರನೆಯ ಭಾಗವನ್ನು ಹಣ ತುಂಬಿಕೊಡುತ್ತದೆ. ಒಳಗೆ ಹೋದವಳಿಗೆ ಒಳ್ಳೆಯ ಶಿಬಿರ, ಒಳ್ಳೆಯ ಎದುರಾಳಿಗಳು, ಮುಂದಿನ ಸಲಕ್ಕೆ ಇನ್ನೂ ಒಳ್ಳೆಯ ಸಮಯ ಸಿಗುತ್ತವೆ. ಹೊರಗುಳಿದವಳು ಕಲಬುರಗಿಗೆ ವಾಪಸು ಬರುತ್ತಾಳೆ. ಕೊಳಗಳು, ತರಬೇತುದಾರರು, ಕೂಟಗಳು ಎಲ್ಲವೂ ಬೆಂಗಳೂರಿನಲ್ಲಿ ಕೂಡಿಬಿದ್ದಿರುವ ರಾಜ್ಯದಲ್ಲಿ ನಮ್ಮ ಭಾಗದ ಮಗು ಈಗಾಗಲೇ ಹಲವು ಹೆಜ್ಜೆ ಹಿಂದಿನಿಂದ ಓಟ ಆರಂಭಿಸಿರುತ್ತದೆ. ಉಡುಪಿನ ಕಾರಣಕ್ಕೆ ಇನ್ನೊಂದು ಹೆಜ್ಜೆ ಹಿಂದೆ ಬೀಳುವುದನ್ನು ಸುಮ್ಮನೆ ನೋಡುವುದು ನನ್ನಿಂದಾಗಲಿಲ್ಲ.

ಆದ್ದರಿಂದ ಪೋಷಕರ ಒಪ್ಪಿಗೆಯ ಮೇಲೆ ನಮ್ಮ ಕೇಂದ್ರದಲ್ಲಿ ಎರಡು ಕಟ್ಟಳೆ ಮಾಡಿಕೊಂಡೆವು. ಹನ್ನೆರಡು ವರ್ಷ ತುಂಬುವವರೆಗೆ ಯಾರೂ, ಮನೆಯಲ್ಲಿ ಅನುಕೂಲವಿದ್ದವರೂ, ಟೆಕ್ ಸೂಟು ತೊಡುವಂತಿಲ್ಲ. ಇದು ನನ್ನ ಹೊಸ ಕಲ್ಪನೆಯೇನಲ್ಲ. ಅಮೆರಿಕದ ಈಜು ಸಂಸ್ಥೆ 2020ರ ಸೆಪ್ಟೆಂಬರ್‌ನಿಂದ ಹನ್ನೆರಡು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಇಂಥದೇ ನಿರ್ಬಂಧ ತಂದಿದೆ. ಎರಡನೆಯದು, ದೊಡ್ಡ ಮಕ್ಕಳಲ್ಲಿ ಅರ್ಹತಾ ಸಮಯದ ಹತ್ತಿರ ಬಂದವರಿಗೆ ಸೂಟು ಕೊಡಿಸುವ ಹೊಣೆ ಕೇಂದ್ರದ್ದು. ಎಲ್ಲರೂ ತಿಂಗಳ ಶುಲ್ಕದ ಜೊತೆ ಸಣ್ಣದೊಂದು ಮೊತ್ತ ಸೇರಿಸುತ್ತಾರೆ, ಕೊಡಲಾಗದವರಿಗೆ ಒತ್ತಾಯವಿಲ್ಲ, ಬಸವ ಜಯಂತಿಯ ಹೊತ್ತಿಗೆ ಲೆಕ್ಕವನ್ನು ಎಲ್ಲರೆದುರು ಓದಿ ಹೇಳುತ್ತೇವೆ. ಉಳ್ಳವರ ಮಕ್ಕಳಿಗೂ ಬಡವರ ಮಕ್ಕಳಿಗೂ ಸೂಟು ಸಿಗುವ ಅಳತೆಗೋಲು ಒಂದೇ, ಅವರ ಸಮಯ. ಮೊದಮೊದಲು ಒಬ್ಬಿಬ್ಬರು ಮುನಿಸಿಕೊಂಡರು. ಒಂದು ಕುಟುಂಬ ಬೇರೆ ಕಡೆ ಹೋಯಿತು. ಆ ಬೆಲೆಯನ್ನು ಕೊಡಬೇಕಿತ್ತು, ಕೊಟ್ಟೆವು. ಜಪಾನಿನ ಈಜು ಒಕ್ಕೂಟ 2008ರಲ್ಲಿ ತನ್ನ ದೇಶದ ಕಂಪನಿಗಳೊಡನೆ ಒಪ್ಪಂದವಿದ್ದರೂ, ಈಜುಗಾರರು ಬೀಜಿಂಗ್‌ಗೆ ತಮಗೆ ಬೇಕಾದ ಸೂಟು ತೊಡಬಹುದೆಂದು ಬಿಟ್ಟುಕೊಟ್ಟದ್ದು ನನಗೆ ಆಗಾಗ ನೆನಪಾಗುತ್ತದೆ. ಹಿಡಿತ ಸಂಸ್ಥೆಯ ಕೈಯಲ್ಲಿರುವಾಗ ಸಮಾನತೆಯನ್ನು ತರುವ ಕೆಲಸವೂ ಸಂಸ್ಥೆಯದ್ದೇ.

ಹುಡುಗರ ಸೂಟುಗಳನ್ನು ಹಂಚಿಕೊಂಡು ಬಳಸುವುದು ಸಾಧ್ಯವಾಯಿತು. ಹುಡುಗಿಯರದು ಹಾಗಲ್ಲ. ಎತ್ತರ ಒಂದೇ ಇದ್ದರೂ ಮುಂಡದ ಉದ್ದ, ಸೊಂಟದ ಸುತ್ತಳತೆ ಬೇರೆಯಿರುತ್ತವೆ. ಭುಜದ ಪಟ್ಟಿ ಒಂದಿಷ್ಟು ಬಿಗಿಯಾದರೂ ತೋಳು ಪೂರ್ತಿ ಚಾಚುವುದಿಲ್ಲ, ಸಡಿಲವಾದರೆ ಬ್ಲಾಕಿನಿಂದ ಹಾರಿದಾಗ ಎದೆಯ ಬಳಿ ಸೂಟಿನೊಳಗೆ ನೀರು ತುಂಬಿಕೊಳ್ಳುತ್ತದೆ. ಜೊತೆಗೆ ಒಬ್ಬರು ತೊಟ್ಟದ್ದನ್ನು ಇನ್ನೊಬ್ಬರು ತೊಡುವ ಸಂಕೋಚ ಹುಡುಗಿಯರಲ್ಲಿ ಇರುವುದು ಸರಿಯಾಗಿಯೇ ಇದೆ. ಹೀಗಾಗಿ ನಿಧಿಯ ಹೆಚ್ಚಿನ ಪಾಲು ಹುಡುಗಿಯರಿಗೆ ಸ್ವಂತ ಸೂಟು ಕೊಡಿಸಲು ಹೋಗುತ್ತದೆ. ಬಟ್ಟೆ ಹೆಚ್ಚು ಬೇಕಾಗುವುದರಿಂದ ಅವರ ಸೂಟು ಹುಡುಗರದ್ದಕ್ಕಿಂತ ದುಬಾರಿ. ನ್ಯಾಯದ ಚರ್ಚೆಯಲ್ಲಿ ಈ ಅಂಶವನ್ನು ಯಾರೂ ಎತ್ತದಿರುವುದು ನನಗೆ ಬೇಸರ ತರುತ್ತದೆ. ಇನ್ನು, ಮೈ ಮುಚ್ಚುವ ಉಡುಪು ಬೇಕೆಂಬ ಕಾರಣಕ್ಕೆ ಮೊಣಕಾಲುದ್ದದ ಟೆಕ್ ಸೂಟನ್ನೇ ಕೊಳ್ಳಬೇಕೆಂದು ನಂಬಿದ ಮನೆಗಳು ನಮ್ಮಲ್ಲಿ ಬಹಳ. ಅದೇ ಉದ್ದದ, ಸಾಮಾನ್ಯ ಪಾಲಿಯೆಸ್ಟರ್‌ನ, ಕ್ಲೋರಿನ್ ತಾಳುವ ಅಭ್ಯಾಸದ ಸೂಟುಗಳು ತೀರ ಕಡಿಮೆ ಬೆಲೆಗೆ ಸಿಗುತ್ತವೆ ಎಂದು ತೋರಿಸಿಕೊಟ್ಟ ಮೇಲೆ, ಕೊಳಕ್ಕೆ ಬರುವುದನ್ನೇ ನಿಲ್ಲಿಸಿದ್ದ ಕೆಲವು ಹುಡುಗಿಯರು ಮರಳಿ ಬಂದರು.

ಹಣ ಸಾಲದಾಗ ನಾವು ಬಳಸಿದ ಸೂಟುಗಳನ್ನೂ ಕೊಳ್ಳುತ್ತೇವೆ. ಬೆಂಗಳೂರಿನ ಮಕ್ಕಳು ಬೆಳೆದು ಬಿಟ್ಟ ಸೂಟುಗಳಲ್ಲಿ ಒಳ್ಳೆಯವು ಇರುತ್ತವೆ, ಆದರೆ ನೋಡಿ ತೆಗೆದುಕೊಳ್ಳಬೇಕು. ನಾನು ಮೊದಲು ತೊಡೆಯ ಭಾಗದ ಮೇಲೆ ಬೆರಳಿನಿಂದ ಒಂದು ಹನಿ ನೀರು ಬಿಡುತ್ತೇನೆ. ಲೇಪನ ಉಳಿದಿದ್ದರೆ ಹನಿ ಗುಂಡಗೆ ನಿಂತು, ಬಟ್ಟೆ ಓರೆ ಮಾಡಿದಾಗ ಉರುಳಿ ಬೀಳುತ್ತದೆ. ಹೋಗಿದ್ದರೆ ಅಲ್ಲೇ ಕಪ್ಪಗೆ ಹರಡಿ ಇಂಗುತ್ತದೆ. ಆಮೇಲೆ ಸೂಟಿನೊಳಗೆ ಕೈ ಹಾಕಿ ಬೆರಳುಗಳನ್ನು ಅಗಲಿಸಿ ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಕುಳಿತುಕೊಳ್ಳುವ ಭಾಗದಲ್ಲಿ ಎಳೆಗಳು ಸವೆದು ಬೆಳಕು ಜಾಳಿಗೆಯಾಗಿ ಕಂಡರೆ ಅದು ಇನ್ನೊಂದು ಸಲ ಹಾಕಿಕೊಳ್ಳುವಷ್ಟರಲ್ಲೇ ಹರಿಯುತ್ತದೆ. ಕಡೆಗೆ ಒಳಗಿನ ಜೋಡಣೆಯ ಪಟ್ಟಿ ಎಲ್ಲಿಯಾದರೂ ಎದ್ದಿದೆಯೇ ಎಂದು ಉಗುರು ತಾಗಿಸದೆ ಬೆರಳ ತುದಿಯಿಂದ ಸವರಿ ನೋಡುತ್ತೇನೆ. ಅಂತರರಾಷ್ಟ್ರೀಯ ಸಂಸ್ಥೆಯ ಅನುಮೋದನೆಯ ಗುರುತು ಹಿಂಬದಿಯಲ್ಲಿ ಇಲ್ಲದ ಸೂಟನ್ನು ಎಷ್ಟೇ ಅಗ್ಗವಾದರೂ ಮುಟ್ಟುವುದಿಲ್ಲ, ಏಕೆಂದರೆ ರಾಷ್ಟ್ರಮಟ್ಟದಲ್ಲಿ ಅದರಿಂದ ಮಗುವೇ ಅನರ್ಹವಾಗಬಹುದು.

ಕೊಂಡದ್ದನ್ನು ಕಾಪಾಡುವುದರಲ್ಲೇ ಅರ್ಧ ಉಳಿತಾಯವಿದೆ. ತೊಡುವ ಮುನ್ನ ಮೈ ಪೂರ್ತಿ ಒಣಗಿರಬೇಕು, ಎಣ್ಣೆ ಕ್ರೀಮು ಏನೂ ಇರಬಾರದು, ಉಗುರು ಕತ್ತರಿಸಿರಬೇಕು. ಪಾದಕ್ಕೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡರೆ ಕಾಲು ಸಲೀಸಾಗಿ ಜಾರುತ್ತದೆ. ಮೊಣಕಾಲು, ತೊಡೆ, ಸೊಂಟ ಎಂದು ಸ್ವಲ್ಪ ಸ್ವಲ್ಪವೇ ಮೇಲೆ ಸರಿಸಬೇಕೇ ಹೊರತು ಅಂಚು ಹಿಡಿದು ಜಗ್ಗಬಾರದು. ನಮ್ಮ ಕೊಳದ ದಂಡೆಗೆ ಶಹಾಬಾದ ಕಲ್ಲು ಹಾಸಿದೆ. ಬಿಸಿಲಿಗೆ ಕಾಯ್ದ ಆ ಒರಟು ಕಲ್ಲಿನ ಮೇಲೆ ಸೂಟು ತೊಟ್ಟು ಒಮ್ಮೆ ಕೂತೆದ್ದರೆ ಎಳೆ ಕಿತ್ತುಬರುತ್ತದೆ, ಹಾಗಾಗಿ ಟವೆಲ್ ಹಾಸದೆ ಕೂರುವಂತಿಲ್ಲ ಎಂಬುದು ಚಿಕ್ಕವರಿಗೂ ಬಾಯಿಪಾಠವಾಗಿದೆ. ಈಜು ಮುಗಿದ ಮೇಲೆ ತಣ್ಣೀರಿನಲ್ಲಿ ಜಾಲಿಸಿ, ಸೋಪು ಹಾಕದೆ, ಹಿಂಡದೆ, ಟವೆಲ್‌ನಲ್ಲಿ ಸುತ್ತಿ ನೀರು ತೆಗೆದು, ನೆರಳಿನಲ್ಲಿ ಅಡ್ಡಲಾಗಿ ಹರಡಬೇಕು. ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಹಗ್ಗದ ಮೇಲೆ ಹಾಕಿದ ಸೂಟು ಎಷ್ಟು ಬೆಲೆಯದಾದರೂ ಬೇಗನೆ ಬಿಗಿ ಕಳೆದುಕೊಳ್ಳುತ್ತದೆ. ಪ್ರತಿ ಸೂಟಿಗೂ ರಿಜಿಸ್ಟರಿನಲ್ಲಿ ಒಂದು ಪುಟವಿದೆ: ಯಾವ ಕೂಟ, ಯಾರು ತೊಟ್ಟರು, ಹನಿ ಪರೀಕ್ಷೆಯಲ್ಲಿ ಏನು ಕಂಡಿತು. ಹನಿ ಇಂಗತೊಡಗಿದ ಸೂಟನ್ನು ರಿಲೇ ತಂಡದ ಅಭ್ಯಾಸಕ್ಕೆ ಇಳಿಸುತ್ತೇವೆ, ಬಿಗಿಯ ಪ್ರಯೋಜನ ಇನ್ನೂ ಕೆಲಕಾಲ ಉಳಿದಿರುತ್ತದೆ.

ಇಷ್ಟೆಲ್ಲ ಮಾಡಿದರೂ ಇದು ಒಂದು ಕೊಳದ ಮಟ್ಟಿನ ವ್ಯವಸ್ಥೆ. ಬೀದರ್ ಮತ್ತು ಯಾದಗಿರಿಯ ತರಬೇತುದಾರರೊಡನೆ ಮಾತಾಡಿ, ನಮ್ಮ ನಮ್ಮಲ್ಲಿ ನಡೆಸುವ ಕೂಟಗಳ ಪ್ರವೇಶ ಅರ್ಜಿಯಲ್ಲಿ ಹನ್ನೆರಡರ ಒಳಗಿನವರಿಗೆ ಬೆಸೆದ ಜೋಡಣೆಯ ಸೂಟಿಗೆ ಅವಕಾಶವಿಲ್ಲ ಎಂಬ ಸಾಲನ್ನು ಸೇರಿಸಿದ್ದೇವೆ. ಬ್ಲಾಕ್ ಏರುವ ಮುನ್ನ ಒಬ್ಬ ಮಹಿಳಾ ಮತ್ತು ಒಬ್ಬ ಪುರುಷ ಅಧಿಕಾರಿ ಅದನ್ನು ನೋಡುತ್ತಾರೆ. ಇದೇ ಸಾಲು ರಾಜ್ಯಮಟ್ಟದ ಚಿಕ್ಕ ವಯಸ್ಸಿನ ವಿಭಾಗಗಳಿಗೂ ಬರಬೇಕೆಂದು, ಆಯ್ಕೆಯ ಕೂಟಗಳಲ್ಲಿ ಸೂಟಿಲ್ಲದ ದೊಡ್ಡ ಮಕ್ಕಳಿಗೆ ಸಂಘದಿಂದಲೇ ಎರವಲು ಕೊಡುವ ಏರ್ಪಾಡು ಆಗಬೇಕೆಂದು ಮನವಿ ಬರೆದು, ನಮ್ಮ ಜಾರಿಕೆಯ ಪರೀಕ್ಷೆಯ ಅಳತೆಗಳನ್ನೂ ರಿಜಿಸ್ಟರಿನ ಪುಟಗಳ ಪ್ರತಿಯನ್ನೂ ಅದರ ಜೊತೆ ಲಗತ್ತಿಸಿ ಕಳುಹಿಸಿದ್ದೇವೆ. ಈ ಭಾಗದ ಬೇರೆ ಯಾವ ತರಬೇತುದಾರರಿಗಾದರೂ ಆ ಪರೀಕ್ಷೆಯ ಕ್ರಮ ಬೇಕಿದ್ದರೆ, ನಸುಕಿನಲ್ಲಿ ಕೊಳಕ್ಕೆ ಬಂದರೆ ತೋರಿಸಿಕೊಡುತ್ತೇನೆ. ಅಳತೆಯ ಟೇಪು, ಒಂದು ವಾಚು, ತಾಳ್ಮೆ ಇದ್ದರೆ ಸಾಕು.